ಎರಡನೇ ಕುರ್ಚಿಯ ಬಗ್ಗೆ ನಾಲ್ಕು ಮಾತು

ಮಾನ್ಯ ಅಧ್ಯಕ್ಷರೇ, ನಮ್ಮ ಕರೆಗೆ ಓಗೊಟ್ಟು ಬಂದಿರುವ ಮುಖ್ಯ ಅತಿಥಿಗಳಾದ ದಂತವೈದ್ಯರೇ, ನಾಣ್ಯ ಪರೀಕ್ಷಾ ಸಂಘದ ಕಾರ್ಯಕಾರಿ ಸಮಿತಿಯ ಏಳೂ ಸದಸ್ಯರೇ, ಇಂದು ನಮ್ಮಿಂದ ಬೀಳ್ಕೊಳ್ಳುತ್ತಿರುವ ನನ್ನ ಸಹೋದ್ಯೋಗಿಯವರೇ, ಅವರ ಪಕ್ಕದಲ್ಲಿ ಕುಳಿತು ನನ್ನೊಬ್ಬನನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿರುವ ಅವರ ಶ್ರೀಮತಿಯವರೇ, ಹಳೆಯ ಚಿನ್ನದ ನಾಣ್ಯ ಎಂದರೆ ಊಟ ಬಿಟ್ಟು ಓಡಿ ಬರುವ ಎಲ್ಲ ಸಭಿಕರೇ,

ಮೊದಲಿಗೆ ಈ ಮೈಕಿನ ಬಗ್ಗೆ ಒಂದು ಮಾತು. ನನಗಿಂತ ಮುಂಚೆ ಮಾತಾಡಿದ ಮೂವರಿಗೂ ಇದು ಸರಿಯಾಗಿ ಕೆಲಸ ಮಾಡಿತು. ನಾನು ಬಂದ ಕೂಡಲೇ ಗೊರಗೊರ ಅನ್ನುತ್ತಿದೆ. ಆಕಸ್ಮಿಕ ಇರಬಹುದು. ಇಲ್ಲದೆಯೂ ಇರಬಹುದು.

ನೀವು ನಗುತ್ತಿದ್ದೀರಿ. ನಗಿ. ಬೆನ್ನ ಹಿಂದೆ ನೀವೆಲ್ಲ ನನ್ನನ್ನು ಅನುಮಾನಪ್ಪ ಎಂದು ಕರೆಯುವುದು ನನಗೆ ಗೊತ್ತಿಲ್ಲವೇ? ಆ ಹೆಸರನ್ನು ಯಾರು ಇಟ್ಟರು, ಯಾವ ವರ್ಷ, ಯಾವ ಮೇಜಿನ ಪಕ್ಕ ನಿಂತು ಇಟ್ಟರು ಎಂಬುದೂ ಗೊತ್ತು. ಅವರು ಎಡಗಡೆ ಮೂರನೇ ಸಾಲಿನಲ್ಲಿ ಕುಳಿತು ಈಗ ಬಗ್ಗಿ ಏನನ್ನೋ ಹುಡುಕುತ್ತಿದ್ದಾರೆ. ಹುಡುಕಲಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಹೆಸರು ಸರಿಯಾಗಿಯೇ ಇದೆ.

ಈ ಸಭೆಯಲ್ಲಿ ನಾನು ಮಾತಾಡಬೇಕೆಂದು ಹೇಳಲು ನಮ್ಮ ಕಾರ್ಯದರ್ಶಿಗಳು ನನ್ನ ಮೇಜಿನ ಹತ್ತಿರ ಬಂದಿದ್ದರು. "ನೀವೇ ಮಾತಾಡಬೇಕು ಸಾರ್. ನೀವು ಮಾತಾಡದಿದ್ರೆ ಜನ ಏನೇನೋ ಅಂದ್ಕೋತಾರೆ" ಎಂದರು. "ಮಾತಾಡಿದ್ರೆ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಆಗ್ಲೂ ಅಂದ್ಕೋತಾರೆ. ಆದ್ರೆ ಮೆಲ್ಲಗೆ" ಎಂದರು. ಕಾರ್ಯದರ್ಶಿಗಳ ಈ ಪ್ರಾಮಾಣಿಕತೆಗೆ ನಾನು ಆಭಾರಿ. ಎಂಟು ವಾರಗಳಿಂದ ಈ ಕಟ್ಟಡದಲ್ಲಿ ನನಗೆ ಸಿಕ್ಕ ನೇರವಾದ ಮಾತು ಅದೊಂದೇ.

ಆಹ್ವಾನ ಪತ್ರಿಕೆಯಲ್ಲಿ 'ಸ್ವಯಂ ನಿವೃತ್ತಿ' ಎಂದು ಅಚ್ಚಾಗಿದೆ. ಅಚ್ಚು ಚೆನ್ನಾಗಿದೆ, ಕಾಗದ ದಪ್ಪವಾಗಿದೆ, ಮಾತು ಮಾತ್ರ ನಕಲಿ. ನನ್ನ ಈ ಸಹೋದ್ಯೋಗಿ ಎರಡು ವರ್ಷ ಮುಂಚೆಯೇ ಏಕೆ ಹೊರಡುತ್ತಿದ್ದಾರೆಂದು ಈ ಸಭಾಂಗಣದಲ್ಲಿ ಅರ್ಧ ಜನಕ್ಕೆ ಗೊತ್ತು, ಉಳಿದರ್ಧ ಜನಕ್ಕೆ ಮನೆಗೆ ಹೋಗುವ ದಾರಿಯಲ್ಲಿ ಗೊತ್ತಾಗುತ್ತದೆ. ಅಷ್ಟು ಕಷ್ಟ ಏಕೆ, ನಾನೇ ಹೇಳಿಬಿಡುತ್ತೇನೆ. ಮುಚ್ಚಿದ ಪೆಟ್ಟಿಗೆಯಲ್ಲಿದ್ದ, ನಾಣ್ಯದ ದರ್ಜೆ ಬರೆದಿದ್ದ ನನ್ನ ಚೀಟಿಯನ್ನು ಅವರು ಬದಲಾಯಿಸಿದರು. ನಾನು ದೂರು ಕೊಟ್ಟೆ. ಅವರು ಒಪ್ಪಿಕೊಂಡರು. ಸಮಿತಿಯವರು ದೊಡ್ಡ ಮನಸ್ಸು ಮಾಡಿ, ನೀವಾಗಿಯೇ ಹೋಗಿ ಎಂದರು. ಇವತ್ತು ಸಂಜೆ ಅವರು ಈ ಬಾಗಿಲು ದಾಟಿದರೆ, ಇಪ್ಪತ್ತಾರು ವರ್ಷದ ಕೆಲಸವೆಲ್ಲ ಅಳಿಸಿಹೋಗಿ, ಚೀಟಿ ಬದಲಾಯಿಸಿದವರು ಎಂಬ ಒಂದೇ ಹೆಸರು ಉಳಿಯುತ್ತದೆ. ಅದು ಉಳಿಯಬೇಕೇ, ಬೇಡವೇ? ನಾನು ಮಾತಾಡಲು ನಿಂತಿರುವುದು ಆ ಪ್ರಶ್ನೆಯ ಮೇಲೆ.

ಅವರು ಮುಂದಿನ ಸಾಲಿನಿಂದ ಆಗಲೇ ತಲೆ ಅಲ್ಲಾಡಿಸುತ್ತಿದ್ದಾರೆ. ಅಧ್ಯಕ್ಷರೂ ಗಡಿಯಾರ ನೋಡಿದರು. ಇಬ್ಬರೂ ದಯವಿಟ್ಟು ಸ್ವಲ್ಪ ತಾಳಬೇಕು.

ಮುಖ್ಯ ಅತಿಥಿಗಳಿಗೆ ನಮ್ಮ ಕೆಲಸದ ಪರಿಚಯ ಇರಲಾರದು. ಸಂಕ್ಷಿಪ್ತವಾಗಿ ಹೇಳುತ್ತೇನೆ, ಸಾರ್. ಯಾರೋ ಒಬ್ಬರು ಹಳೆಯ ಚಿನ್ನದ ನಾಣ್ಯ ತರುತ್ತಾರೆ. ಅದು ಅಸಲಿಯೋ ನಕಲಿಯೋ ಎನ್ನುವುದು ಮೊದಲ ಪ್ರಶ್ನೆ. ತಕ್ಕಡಿ, ಅಂಚಿನ ಗೆರೆ, ಅಚ್ಚಿನ ಗುರುತು ನೋಡಿ ಅದನ್ನು ಹೇಳಬಹುದು. ಒಂದೇ ಜಾಗದಲ್ಲಿ ಒಂದೇ ತರಹದ ಪೆಟ್ಟು ಬಿದ್ದ ಎರಡು ನಾಣ್ಯ ಸಿಕ್ಕರೆ ಎರಡನ್ನೂ ನಂಬಬಾರದು, ಏಕೆಂದರೆ ಅವು ಒಂದೇ ಎರಕದಿಂದ ಹೊರಬಿದ್ದ ಕಳ್ಳ ಮಾಲು. ಎರಡನೆಯದು ದರ್ಜೆಯ ಪ್ರಶ್ನೆ, ಕಷ್ಟವೆಲ್ಲ ಇರುವುದು ಅದರಲ್ಲಿ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಬೇಕು. ರಾಜನ ಕೆನ್ನೆ ಸವೆದಿದೆಯೇ, ಕಿವಿಯ ಮೇಲಿನ ಕೂದಲು ಎಣಿಸಲು ಸಿಗುತ್ತದೆಯೇ, ಟಂಕಸಾಲೆಯಿಂದ ಬಂದ ದಿನದ ಹೊಳಪು ಇನ್ನೂ ಮೈಮೇಲೆ ಸುತ್ತು ಹಾಕುತ್ತದೆಯೇ ಎಂದು ನೋಡಬೇಕು. ನೋಡಿ ಒಂದರಿಂದ ಎಪ್ಪತ್ತರೊಳಗೆ ಒಂದು ಅಂಕಿ ಬರೆಯಬೇಕು.

ಆದರೆ ಯಾರಾದರೂ ಆ ನಾಣ್ಯವನ್ನು ಒಮ್ಮೆ ಉಜ್ಜಿಬಿಟ್ಟಿದ್ದರೆ ಅಂಕಿಯೇ ಇಲ್ಲ. ಹಲ್ಲುಪುಡಿ ಹಾಕಿ ತಿಕ್ಕುತ್ತಾರೆ, ಸಾರ್. ನಿಮ್ಮ ವೃತ್ತಿಯಿಂದ ನಮ್ಮ ವೃತ್ತಿಗೆ ಆಗಿರುವ ನಷ್ಟ ಅಷ್ಟಿಷ್ಟಲ್ಲ. ಮನೆಯವರು ಪ್ರೀತಿಯಿಂದಲೇ ತಿಕ್ಕುತ್ತಾರೆ, ಫಳಫಳ ಹೊಳೆಯಲಿ ಎಂದು. ಆಗ ಮೈಮೇಲೆ ಕೂದಲೆಳೆಗಿಂತ ಸಣ್ಣ ಗೆರೆಗಳು ಬೀಳುತ್ತವೆ, ಹಳೆಯ ಹೊಳಪು ಸತ್ತುಹೋಗುತ್ತದೆ. ಅಂಥ ನಾಣ್ಯಕ್ಕೆ ನಾವು ಬರೆಯುವುದು ಒಂದೇ ಪದ: ಉಜ್ಜಿದ್ದು. ಆ ಗೆರೆಗಳನ್ನು ಕಾಣುವ ಕಣ್ಣಿದ್ದವನು ಪರೀಕ್ಷಕ. ಇಲ್ಲದವನು ಬರೀ ಭೂತಗನ್ನಡಿ ಹಿಡಿದುಕೊಂಡ ಮನುಷ್ಯ.

ಒಬ್ಬನ ಕಣ್ಣನ್ನು ನಂಬಬಾರದೆಂದು ನಮ್ಮಲ್ಲಿ ಎರಡು ಕುರ್ಚಿ ಇಟ್ಟಿದ್ದಾರೆ. ಒಂದನೇ ಕುರ್ಚಿ ನಾನು, ಎರಡನೇ ಕುರ್ಚಿ ಅವರು. ವಯಸ್ಸಿನಲ್ಲಿ ಅವರು ನನಗಿಂತ ಎರಡು ವರ್ಷ ದೊಡ್ಡವರು, ಕುರ್ಚಿಯಲ್ಲಿ ನಾನು ಅವರಿಗಿಂತ ಮೂರು ತಿಂಗಳು ದೊಡ್ಡವನು. ಬೆನ್ನಿಗೆ ಬೆನ್ನು ಹಾಕಿ ಕೂರಬೇಕು, ನಾಣ್ಯದ ಬಗ್ಗೆ ಮಾತಾಡಬಾರದು, ಬರೆದ ಚೀಟಿಯನ್ನು ಮರದ ಪೆಟ್ಟಿಗೆಗೆ ಹಾಕಬೇಕು. ಮರುದಿನ ಬೆಳಿಗ್ಗೆ ಎರಡನೇ ಕುರ್ಚಿಯವರು ಪೆಟ್ಟಿಗೆ ತೆಗೆದು ಚೀಟಿಗಳನ್ನು ಜೋಡಿಸಬೇಕು. ಎರಡೂ ಒಂದೇ ಆದರೆ ಪ್ರಮಾಣಪತ್ರ, ಬೇರೆಯಾದರೆ ನಾಣ್ಯ ಮುಖ್ಯ ಪರೀಕ್ಷಕರ ಬಳಿಗೆ. ಅಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ತಪ್ಪೆನಿಸಿಕೊಂಡವನ ಹೆಸರನ್ನು ಫಲಕದಿಂದ ಇಳಿಸುತ್ತಾರೆ. ಕೆಳಗೆ ಮೆಟ್ಟಿಲ ಪಕ್ಕ ಇರುವ ಫಲಕ. ನೀವೆಲ್ಲ ಅದರ ಮುಂದೆ ನಿಂತೇ ಛತ್ರಿ ಮಡಚುತ್ತೀರಿ.

ಇಪ್ಪತ್ತಾರು ವರ್ಷ ಹೀಗೆ ಕೂತೆವು. ಆ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಧೂಳು ಏಳುತ್ತದೆ. ಬೇಸಿಗೆಯಲ್ಲಿ ಇಬ್ಬರ ಬೆನ್ನಿನಿಂದಲೂ ಬೆವರು ಇಳಿಯುತ್ತಿತ್ತು. ಅವರ ಮುಖಕ್ಕಿಂತ ಅವರ ಕೆಮ್ಮು ನನಗೆ ಚೆನ್ನಾಗಿ ಗೊತ್ತು. ಅವರು ದಿನಾ ಮಧ್ಯಾಹ್ನ ಡಬ್ಬಿ ತೆಗೆದು, "ಬನ್ನಿ ಸಾರ್, ಸ್ವಲ್ಪ ತಗೊಳ್ಳಿ" ಅನ್ನುತ್ತಿದ್ದರು. ನಾನು ದಿನಾ, "ಇಲ್ಲ, ಹೊಟ್ಟೆ ತುಂಬಿದೆ" ಅನ್ನುತ್ತಿದ್ದೆ. ಇಷ್ಟು ವರ್ಷ ಒಬ್ಬ ಮನುಷ್ಯ ಸುಮ್ಮನೆ ಊಟಕ್ಕೆ ಕರೆಯುತ್ತಾನೆಯೇ? ಏನೋ ಬೇಕಿರಬೇಕು ಎಂದುಕೊಂಡಿದ್ದೆ. ಏನು ಬೇಕು ಎಂದು ಕಾದು ನೋಡಿದೆ. ಇಪ್ಪತ್ತಾರು ವರ್ಷ ಕಾದೆ.

ನಾನು ಹುಟ್ಟುವಾಗಲೇ ಹೀಗಿರಲಿಲ್ಲ. ನನ್ನ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರು. ನನ್ನ ಸೋದರಮಾವ ಒಂದು ದಿನ ನಗುನಗುತ್ತಾ ಬಂದು, ಭಾವ ಎಂಬ ಸಲಿಗೆಯಿಂದ ನಿಮಗೇ ಮೊದಲು ತೋರಿಸುತ್ತಿದ್ದೇನೆ ಎಂದು ಒಂದು ಚಿನ್ನದ ನಾಣ್ಯ ಮಾರಿ ಹೋದ. ಒಳಗೆ ತಾಮ್ರ, ಮೇಲೆ ಚಿನ್ನದ ನೀರು. ತಂದೆ ಜಗಳ ಆಡಲಿಲ್ಲ. ಅದನ್ನು ನನ್ನ ಕೈಗಿಟ್ಟು, "ಮೊದ್ಲು ನಾಣ್ಯ ನೋಡು, ಆಮೇಲೆ ತಂದವನ ಮುಖ ನೋಡು. ನಾನು ಮುಖ ನೋಡಿ ಕೆಟ್ಟೆ" ಎಂದರು. ನನಗೆ ಒಂಬತ್ತು ವರ್ಷ. ಅವತ್ತಿನಿಂದ ನಾನು ಯಾರ ಮುಖವನ್ನೂ ಮೊದಲು ನೋಡಿಲ್ಲ. ನನ್ನ ನಿಶ್ಚಿತಾರ್ಥದ ದಿನ ಉಂಗುರವನ್ನು ಕಿಟಕಿಯ ಹತ್ತಿರ ಒಯ್ದು ಓರೆ ಮಾಡಿ ನೋಡಿದೆ. ನನ್ನ ಹೆಂಡತಿ, ನಾಲ್ಕನೇ ಸಾಲಿನಲ್ಲಿ ಕುಳಿತಿದ್ದಾಳೆ, ಮೂವತ್ತು ವರ್ಷದಿಂದ ಅದನ್ನು ವಾರಕ್ಕೊಮ್ಮೆ ನೆನಪಿಸುತ್ತಾಳೆ.

ಈಗ ಚೀಟಿಯ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷದ ವಾರ್ಷಿಕ ಸಭೆಯಲ್ಲಿ ಇದೇ ವೇದಿಕೆಯ ಮೇಲೆ ಅಧ್ಯಕ್ಷರು ಹೆಮ್ಮೆಯಿಂದ ಹೇಳಿದರು: "ನಮ್ಮ ಎರಡು ಕುರ್ಚಿಗಳ ಚೀಟಿ ಎರಡು ವರ್ಷದಲ್ಲಿ ಒಂದು ಸಲವೂ ಬೇರೆಯಾಗಿಲ್ಲ." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೊಬ್ಬ ಮಾತ್ರ ತಟ್ಟಲಿಲ್ಲ. ಹಿಂದೆಲ್ಲ ವರ್ಷಕ್ಕೆ ಒಂದೆರಡಾದರೂ ಬೇರೆಯಾಗುತ್ತಿದ್ದವು. ಎರಡು ಕಣ್ಣಿದ್ದ ಮೇಲೆ ಅಷ್ಟಾದರೂ ಆಗಲೇಬೇಕು. ಒಂದೇ ತರಹದ ಪೆಟ್ಟು ಬಿದ್ದ ಎರಡು ನಾಣ್ಯವನ್ನು ನಂಬದ ನಾನು, ಒಂದೇ ತರಹದ ಸಾವಿರಾರು ಚೀಟಿಯನ್ನು ಹೇಗೆ ನಂಬಲಿ? ಇವರು ನನ್ನ ಚೀಟಿ ನೋಡಿ ಬರೆಯುತ್ತಿದ್ದಾರೆ ಎಂದು ತೀರ್ಮಾನಿಸಿದೆ.

ಹಲವು ತಿಂಗಳು ಕಾವಲು ಕಾದೆ. ಮೇಜಿನ ಮೇಲೆ ಒಂದು ಸಣ್ಣ ಕನ್ನಡಿ ಇಟ್ಟುಕೊಂಡು, ತಲೆ ಬಾಚಿಕೊಳ್ಳುವ ನೆಪದಲ್ಲಿ ಅವರ ಬೆನ್ನು ನೋಡಿದೆ. ಬಾಚಲು ನನ್ನ ತಲೆಯಲ್ಲಿ ಏನಿದೆ ಎಂದು ನೀವು ಕೇಳಬಹುದು. ಅವರೂ ಕೇಳಲಿಲ್ಲ, ನೀವೂ ಕೇಳಬೇಡಿ. ಅವರು ಒಂದು ಸಲವೂ ತಿರುಗಲಿಲ್ಲ. ಕೊನೆಗೆ ಒಂದು ಬಲೆ ಹಾಕಿದೆ. ಹೊಸಬರಿಗೆ ಪಾಠ ಮಾಡಲೆಂದೇ ನಮ್ಮಲ್ಲಿ ಒಂದು ನಾಣ್ಯವಿದೆ, ರಸ್ತೆಯ ಆಚೆ ನಿಂತರೂ ಉಜ್ಜಿದ್ದು ಎಂದು ಗೊತ್ತಾಗುವಂಥದ್ದು. ಅದನ್ನು ಆ ದಿನದ ತಟ್ಟೆಯಲ್ಲಿ ಸೇರಿಸಿದೆ. ಬೇಕೆಂದೇ ನನ್ನ ಚೀಟಿಯಲ್ಲಿ ಅರವತ್ತಮೂರು ಎಂದು ಬರೆದೆ. ಚೀಟಿಯ ಮೂಲೆಗೆ ಗುಂಡುಸೂಜಿಯಿಂದ ಒಂದು ತೂತು ಮಾಡಿ ಪೆಟ್ಟಿಗೆಗೆ ಹಾಕಿದೆ.

ಮರುದಿನ ನೋಡಿದರೆ ಎರಡು ಚೀಟಿಯಲ್ಲೂ 'ಉಜ್ಜಿದ್ದು' ಎಂದಿತ್ತು. ನನ್ನದೆಂದು ಇದ್ದ ಚೀಟಿಯಲ್ಲಿ ನನ್ನ ಅಕ್ಷರವೇ, ನನ್ನ ಸಹಿಯೇ. ನಿಜ ಹೇಳಬೇಕೆಂದರೆ ನನ್ನ ಅಕ್ಷರಕ್ಕಿಂತ ಚೆನ್ನಾಗಿತ್ತು. ತೂತು ಮಾತ್ರ ಇರಲಿಲ್ಲ.

ಅಲ್ಲಿಗೆ ನನ್ನ ಲೆಕ್ಕಾಚಾರ ತಲೆಕೆಳಗಾಯಿತು. ಇವರು ನನ್ನ ಚೀಟಿ ನೋಡಿ ತಮ್ಮದನ್ನು ಬರೆಯುತ್ತಿರಲಿಲ್ಲ, ನನ್ನ ಚೀಟಿಯನ್ನೇ ತೆಗೆದು ಬೇರೆ ಬರೆದು ಇಡುತ್ತಿದ್ದರು. ಅದೇ ದಿನ ದೂರು ಬರೆದುಕೊಟ್ಟೆ. ಸಮಿತಿಯವರು ಅವರನ್ನು ಕರೆಸಿದಾಗ ನಾನೂ ಅಲ್ಲೇ ಇದ್ದೆ. "ನೀವು ಬದಲಾಯಿಸಿದ್ರಾ?" ಎಂದು ಅಧ್ಯಕ್ಷರು ಕೇಳಿದರು. "ಹೌದು" ಎಂದರು. "ಯಾಕೆ?" ಅವರು ಒಮ್ಮೆ ನನ್ನ ಕಡೆ ನೋಡಿ, "ಬದಲಾಯಿಸಿದ್ದು ತಪ್ಪು ಸಾರ್. ಅದಕ್ಕಿಂತ ಹೇಳೋಕೆ ಏನೂ ಇಲ್ಲ" ಎಂದರು. ರಾಜೀನಾಮೆ ಬರೆಯಲು ಅವರಿಗೆ ಪೆನ್ನು ಕೊಟ್ಟವನು ನಾನು. ಬರೆದ ಮೇಲೆ ಅದನ್ನು ಮುಚ್ಚಿ, ಥ್ಯಾಂಕ್ಸ್ ಹೇಳಿ ಹಿಂದಿರುಗಿಸಿದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ನನಗೆ ಅನುಮಾನ ಹೆಚ್ಚಾಯಿತು. ಇಷ್ಟು ಸುಲಭವಾಗಿ ಒಪ್ಪಿಕೊಂಡ ಮನುಷ್ಯ ಇನ್ನೇನೋ ದೊಡ್ಡದನ್ನು ಬಚ್ಚಿಟ್ಟಿರಬೇಕಲ್ಲವೇ? ನಾನು ಕೊಟ್ಟ ಪ್ರತಿಯೊಂದು ದರ್ಜೆಯನ್ನೂ ನನ್ನ ಸ್ವಂತ ಡೈರಿಯಲ್ಲಿ ಬರೆದಿಡುತ್ತೇನೆ. ಸಂಘದ ಕಡತವನ್ನು ನಾನು ನಂಬುವುದಿಲ್ಲ, ಕ್ಷಮಿಸಬೇಕು. ಆ ಡೈರಿಯನ್ನೂ ಕಡತದಲ್ಲಿದ್ದ ಚೀಟಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಎರಡು ವಾರ ಕೂತೆ. ಮೂರು ವರ್ಷದಲ್ಲಿ ಐವತ್ತಮೂರು ಚೀಟಿ ಬದಲಾಗಿದ್ದವು. ಐವತ್ತಮೂರರಲ್ಲೂ ನನ್ನ ಡೈರಿಯಲ್ಲಿ ಒಳ್ಳೆಯ ಅಂಕಿ ಇತ್ತು, ಚೀಟಿಯಲ್ಲಿ 'ಉಜ್ಜಿದ್ದು' ಎಂದಿತ್ತು.

ಸಭಿಕರೇ, ನನಗಾದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಳ್ಳನ ಗಂಟೇ ಸಿಕ್ಕಿತು ಎಂದುಕೊಂಡೆ. ಒಳ್ಳೆಯ ನಾಣ್ಯಗಳಿಗೆ ಕೆಟ್ಟ ಹೆಸರು ಕೊಟ್ಟು, ಮಾಲೀಕರ ಎದೆ ಒಡೆದು, ಆಮೇಲೆ ಯಾರೋ ಸ್ನೇಹಿತ ವ್ಯಾಪಾರಿಯಿಂದ ಅಗ್ಗಕ್ಕೆ ಕೊಳ್ಳಿಸುತ್ತಿದ್ದಾರೆ ಎಂದು ಇಡೀ ನಾಟಕವನ್ನು ಮನಸ್ಸಿನಲ್ಲೇ ಬರೆದು ಮುಗಿಸಿದೆ. ಸಾಕ್ಷಿ ಬೇಕಿತ್ತು. ಆ ಐವತ್ತಮೂರರಲ್ಲಿ ಹನ್ನೊಂದು ನಾಣ್ಯ ಸಂಘದ ಸ್ವಂತ ಸಂಗ್ರಹದವು, ನಮ್ಮ ಕಪಾಟಿನಲ್ಲೇ ಇವೆ. ಕಾರ್ಯದರ್ಶಿಗಳ ಒಪ್ಪಿಗೆ ಪಡೆದು, ದರ್ಜೆಯನ್ನೆಲ್ಲ ಮುಚ್ಚಿಟ್ಟು, ಅವನ್ನು ಬೇರೆ ಊರಿನ ಒಬ್ಬ ಪರೀಕ್ಷಕರಿಗೆ ಒಯ್ದುಕೊಟ್ಟೆ. ಅವರು ನನ್ನ ಸ್ನೇಹಿತರಲ್ಲ, ಇವರ ಸ್ನೇಹಿತರೂ ಅಲ್ಲ. ಯಾರ ಸ್ನೇಹಿತರೂ ಆಗಲಾರದಂಥ ಮನುಷ್ಯ. ಅದಕ್ಕೇ ಆರಿಸಿಕೊಂಡೆ.

ಹತ್ತು ದಿನದ ಮೇಲೆ ನಾಣ್ಯಗಳ ಜತೆ ಉತ್ತರ ಬಂತು. ಹನ್ನೊಂದೂ ಉಜ್ಜಿದ್ದು.

ನಾನು ಏನು ಮಾಡಿರಬಹುದು ಎಂದು ಊಹಿಸಿ. ಆ ಪರೀಕ್ಷಕರನ್ನೂ ಅನುಮಾನಿಸಿದೆ. ಇವನೂ ಗುಂಪಿಗೆ ಸೇರಿದವನೇ ಎಂದುಕೊಂಡೆ. ನಾಣ್ಯಗಳನ್ನು ಕಾರ್ಯದರ್ಶಿಗಳಿಗೆ ಮತ್ತೆ ರಸೀದಿ ಬರೆದುಕೊಟ್ಟು ಪಡೆದು ಮನೆಗೆ ಒಯ್ದು, ಭಾನುವಾರ ಬೆಳಿಗ್ಗೆ ಕಿಟಕಿಯ ಬಳಿ ಒಂದೊಂದಾಗಿ ನೋಡಿದೆ. ಹೂವಿನಂಥ ನಾಣ್ಯಗಳು. ಒಂದು ಗೆರೆ ಇಲ್ಲ. ಅಷ್ಟು ಹೊತ್ತಿಗೆ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. ನನ್ನ ಭೂತಗನ್ನಡಿಯನ್ನು ಮುಟ್ಟಲು ಇಷ್ಟು ವರ್ಷ ಅವಳಿಗೆ ಬಿಟ್ಟಿರಲಿಲ್ಲ. ಅವತ್ತು ಯಾಕೋ, ನನ್ನ ಪರವಾಗಿ ಒಬ್ಬರಾದರೂ ಮಾತಾಡಲಿ ಎಂದಿರಬೇಕು, "ನೋಡು, ಇದರ ಮೈ ಹೇಗಿದೆ ಹೇಳು" ಎಂದು ಕೊಟ್ಟೆ.

ಅವಳು ಒಂದು ಕಣ್ಣು ಮುಚ್ಚಿಕೊಂಡು ನೋಡಿದಳು. "ಇದನ್ನ ಯಾರೋ ತಿಕ್ಕಿದ್ದಾರೆ ಕಣ್ರೀ" ಎಂದಳು.

"ಎಲ್ಲಿ?"

"ಎಲ್ಲಿ ಅಂದ್ರೆ? ಮೈತುಂಬ. ಬಟ್ಟೆಗೆ ಪುಡಿ ಹಾಕ್ಕೊಂಡು ಒಂದೇ ಕಡೆಗೆ ಎಳೆದಿದ್ದಾರೆ. ನಮ್ಮ ಸ್ಟೀಲ್ ತಟ್ಟೆ ಹೀಗೇ ಅಲ್ವಾ ಆಗೋದು. ಪಾತ್ರೆ ತಿಕ್ಕೋ ಕೈಗೆ ಇದು ಗೊತ್ತಾಗಲ್ವಾ?"

ಒಂದು ಕ್ಷಣ, ಇವಳಿಗೂ ಆ ಪರೀಕ್ಷಕರಿಗೂ ಪರಿಚಯ ಇದೆಯೇ ಎಂಬ ಯೋಚನೆ ನನಗೆ ಬಂತು. ಬಂದದ್ದನ್ನು ಮುಚ್ಚಿಡುವುದಿಲ್ಲ. ಅವಳಿಗೆ ಬೆನ್ನು ಹಾಕಿ ಕೂತು, ಆ ಹನ್ನೊಂದರ ಜತೆ ಯಾರೂ ಮುಟ್ಟದ ನನ್ನದೊಂದು ಚೊಕ್ಕ ನಾಣ್ಯವನ್ನು ಕಲೆಸಿ, ಇವುಗಳಲ್ಲಿ ಉಜ್ಜದೇ ಇರುವುದು ಯಾವುದು ಎಂದು ಕೇಳಿದೆ. ತೆಗೆದುಕೊಟ್ಟಳು. ಮತ್ತೆ ಕಲೆಸಿದೆ, ಮತ್ತೆ ತೆಗೆದುಕೊಟ್ಟಳು. ಐದು ಸಲ ಕಲೆಸಿದೆ. ಐದನೇ ಸಲ ಅವಳು ನಾಣ್ಯ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

"ನಿಮಗೆ ಇದು ಕಾಣ್ತಾ ಇಲ್ವಾ?" ಎಂದಳು. ನಾನು ನಾಣ್ಯವನ್ನು ಮತ್ತೆ ಕಿಟಕಿಗೆ ಹಿಡಿದೆ. "ಹೋದ ವರ್ಷದಿಂದ ನೀರು ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಸುರೀತೀರಿ. ಲೋಟ ಯಾರು ಸರಿಸಿದ್ದು ಅಂತ ನನ್ನನ್ನೇ ಕೇಳ್ತೀರಿ. ಹೇಳಿದ್ರೆ ಜಗಳ ಅಂತ ಸುಮ್ಮನಿದ್ದೆ."

ಕಣ್ಣಿನ ವೈದ್ಯರ ಬಳಿ ಹೋದೆ. ಎರಡು ಕಣ್ಣಿಗೂ ಪೊರೆ ಬಂದಿದೆ, ಮೂರು ವರ್ಷದಿಂದಲಾದರೂ ಬೆಳೆಯುತ್ತಿರಬೇಕು ಎಂದರು. ಆಪರೇಷನ್ ಮಾಡುವ ಆಸೆಗೆ ಹೇಳುತ್ತಿದ್ದಾರೆಂದು ಇನ್ನೊಬ್ಬರ ಬಳಿ ಹೋದೆ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಒಂದೇ ಚೀಟಿ ಬರೆದಿದ್ದರು. ನನಗೆ ದೊಡ್ಡದೆಲ್ಲ ಕಾಣುತ್ತಿತ್ತು: ರಾಜನ ಮುಖ, ಅಂಚು, ನಿಮ್ಮೆಲ್ಲರ ತಪ್ಪುಗಳು. ಕೂದಲೆಳೆಯಂಥದ್ದು ಮಾತ್ರ ಕಾಣುತ್ತಿರಲಿಲ್ಲ. ಕಾಣುತ್ತಿಲ್ಲ ಎಂಬುದೂ ಕಾಣುತ್ತಿರಲಿಲ್ಲ.

ವೈದ್ಯರಲ್ಲಿಂದ ನೇರವಾಗಿ ಎರಡನೇ ಕುರ್ಚಿಯವರ ಮನೆಗೆ ಹೋದೆ. ಅವರ ಶ್ರೀಮತಿಯವರು ಹಿಂದೆ ಎಲ್ಲಿ ಸಿಕ್ಕರೂ "ಬನ್ನಿ ಅಣ್ಣಾ" ಎನ್ನುತ್ತಿದ್ದವರು, ಅವತ್ತು ಬಾಗಿಲು ತೆರೆದು ಒಳಗೆ ತಿರುಗಿ, "ನಿಮ್ಮ ಆಫೀಸಿನವರು ಬಂದಿದ್ದಾರೆ" ಎಂದರು. ಅಷ್ಟು ವರ್ಷ ಆ ಅಣ್ಣಾ ಎಂಬ ಮಾತನ್ನೂ ನಾನು ಅನುಮಾನಿಸಿದ್ದೆ. ಅದು ಹೋದ ಮೇಲೆ ಗೊತ್ತಾಯಿತು, ಅಸಲಿ ಎಂದು.

ಅವರು ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ನಾನು ನಿಂತೇ ಕೇಳಿದೆ, "ನನ್ನ ಕಣ್ಣಿನ ವಿಷಯ ನಿಮಗೆ ಯಾವಾಗಿಂದ ಗೊತ್ತು?"

ಅವರು ಪೇಪರ್ ಮಡಚಿದರು. "ಮೂರು ವರ್ಷದಿಂದ. ಒಂದು ದಿನ ಬೆಳಿಗ್ಗೆ ಪೆಟ್ಟಿಗೆ ತೆಗೆದಾಗ ನಿಮ್ಮ ಚೀಟೀಲಿ ಅರವತ್ತೆರಡು ಇತ್ತು. ಆ ನಾಣ್ಯಾನ ಗೋಣಿ ಚೀಲದಲ್ಲಿ ಹಾಕಿ ತಿಕ್ಕಿದ ಹಾಗಿತ್ತು. ಏನೋ ಯೋಚ್ನೇಲಿ ಇದ್ರು ಅಂದ್ಕೊಂಡು ಬದಲಾಯಿಸಿಟ್ಟೆ. ಮುಂದಿನ ವಾರ ಇನ್ನೊಂದು. ಅದೇ ವರ್ಷ ಮೂರು ದಾಟಿತು. ಬಿಟ್ಟಿದ್ರೆ ನಿಮ್ಮ ಹೆಸರು ಫಲಕದಿಂದ ಇಳೀತಿತ್ತು."

"ನನಗೆ ಹೇಳಬಹುದಿತ್ತಲ್ಲ."

"ಕಣ್ಣು ಒಂದ್ಸಲ ತೋರಿಸಿಕೊಳ್ಳಿ ಸಾರ್ ಅಂತ ನಾಲ್ಕು ಸಲ ಹೇಳಿದೆ. ಒಂದನೇ ಕುರ್ಚಿ ಮೇಲೆ ಕಣ್ಣಾ ನಿಮಗೆ ಅಂತ ಕೇಳಿದ್ರಿ."

ಕೇಳಿದ್ದೆ. ಚೆನ್ನಾಗಿ ನೆನಪಿದೆ.

"ಸಮಿತಿ ಮುಂದೆಯಾದ್ರೂ ಹೇಳಬೇಕಿತ್ತು" ಎಂದೆ.

"ಹೇಳಿದ್ರೆ ನೀವು ನಂಬ್ತಿದ್ರಾ? ತಪ್ಪಿಸಿಕೊಳ್ಳೋಕೆ ನನ್ನ ಕಣ್ಣಿನ ಮೇಲೆ ಹಾಕ್ತಿದ್ದಾನೆ ಅಂತಿದ್ರಿ. ನನಗೆ ಎರಡು ವರ್ಷ ಉಳಿದಿತ್ತು, ನಿಮಗೆ ನಾಲ್ಕಿದೆ. ಆಪರೇಷನ್ ಮಾಡಿಸ್ಕೊಂಡು ಕೂತ್ಕೊಳ್ಳಿ. ಸಭೇಲಿ ಏನೂ ಮಾತಾಡೋಕೆ ಹೋಗ್ಬೇಡಿ." ಆಮೇಲೆ ಸ್ವಲ್ಪ ನಕ್ಕರು. "ನೀವು ಹೋದ್ರೆ ಹೊಸಬರು ಬಂದು ಕೂರ್ತಾರೆ ಅಂತ ಹೆದರಿಕೆ ಇತ್ತು ಸಾರ್. ಅವರು ಫ್ಯಾನ್ ಹಾಕ್ತಾರೆ."

ಸಭಿಕರೇ, ಈಗಲೂ ಅವರು ಅಲ್ಲಿಂದ ಕೈ ಮಾಡುತ್ತಿದ್ದಾರೆ, ಸಾಕು, ಕೂತ್ಕೊಳ್ಳಿ ಎಂದು. ಇಲ್ಲ. ನಿಮ್ಮ ಮಾತನ್ನು ಇಷ್ಟು ವರ್ಷ ಕೇಳದೆ ಕೆಟ್ಟೆ, ನಿಜ. ಆದರೆ ಇವತ್ತೊಂದು ದಿನ ಕೇಳದೇ ಇರುವುದೇ ಸರಿ.

ಅವರು ತಪ್ಪು ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಎರಡು ಕಣ್ಣು ನೋಡಬೇಕು ಎಂಬ ನಿಯಮವನ್ನು ಅವರು ಮುರಿದರು. ಇನ್ನೊಬ್ಬರ ಸಹಿ ಹಾಕಿದರು. ನೇರವಾಗಿ ನನ್ನ ಬಳಿ ಬಂದು, ನಿಮಗೆ ಕಣ್ಣು ಕಾಣುತ್ತಿಲ್ಲ ಎಂದು ಹೇಳಬೇಕಿತ್ತು. ಆದರೆ ನನ್ನ ಬಳಿ ಬರಲು ದಾರಿ ಎಲ್ಲಿತ್ತು? ಒಂದು ತುತ್ತು ಊಟಕ್ಕೆ ಕರೆದರೂ ಏನು ಬೇಕಪ್ಪಾ ಇವನಿಗೆ ಎಂದು ಯೋಚಿಸುವವನಿಗೆ ಯಾರು ತಾನೇ ಏನು ಹೇಳಿಯಾರು? ನಾನು ಕೊಟ್ಟ ದೂರಿನಲ್ಲಿ ಒಂದಕ್ಷರ ಸುಳ್ಳಿಲ್ಲ. ದೂರಿನ ನಾಣ್ಯ ಅಸಲಿ, ಅದಕ್ಕೆ ನಾನು ಕೊಟ್ಟ ದರ್ಜೆ ತಪ್ಪು. ವಂಚನೆ ಎಂದು ಬರೆದೆ. ಅದು ವಂಚನೆಯಾಗಿರಲಿಲ್ಲ.

ಈ ಮೂರು ವರ್ಷ ನಮ್ಮಿಂದ ಪ್ರಮಾಣಪತ್ರ ಪಡೆದ ಸದಸ್ಯರು ಇಲ್ಲಿ ಬಹಳ ಜನ ಇದ್ದೀರಿ. ಗಾಬರಿಯಾಗಬೇಡಿ. ಆ ಹನ್ನೊಂದು ನಾಣ್ಯಗಳ ಮಟ್ಟಿಗೆ ಹೊರಗಿನ ಪರೀಕ್ಷಕರು ಬರೆದದ್ದೂ ಇವರು ಬರೆದದ್ದೂ ಒಂದೇ. ಆದರೂ ನಿಮಗೆ ಗೊತ್ತಿರಬೇಕು: ಆ ಪತ್ರಗಳ ಮೇಲೆ ಎರಡು ಸಹಿ ಇವೆ, ಹಿಂದೆ ಇದ್ದ ಕಣ್ಣು ಒಂದೇ. ಅದು ನನ್ನದಲ್ಲ. ಎಲ್ಲವನ್ನೂ ಇನ್ನೊಮ್ಮೆ ನೋಡಿಸುವ ಹಕ್ಕು ನಿಮಗಿದೆ, ನೋಡಿಸಿ.

ಅಧ್ಯಕ್ಷರೇ, ನಿಮ್ಮ ಮುಂದಿರುವ ಹಸಿರು ಕಡತದಲ್ಲಿ ಎರಡು ಕಾಗದಗಳಿವೆ ಎಂದು ನನಗೆ ಅನುಮಾನ. ನೀವು ಕೈ ಅಡ್ಡ ಇಟ್ಟುಕೊಂಡಿರಿ, ಆದ್ದರಿಂದ ಅನುಮಾನವಲ್ಲ, ಖಚಿತ. ಒಂದು ಅವರ ರಾಜೀನಾಮೆ, ಇವತ್ತು ಐದು ಗಂಟೆಗೆ ಜಾರಿಗೆ ಬರುವಂಥದ್ದು. ಇನ್ನೊಂದು ನನ್ನನ್ನು ಮುಖ್ಯ ಪರೀಕ್ಷಕನನ್ನಾಗಿ ಮಾಡುವ ಆದೇಶ. ಎರಡನೆಯದನ್ನು ಓದಬೇಡಿ. ನನ್ನ ಹೆಸರನ್ನು ಫಲಕದಿಂದ ಇಳಿಸುವಂತೆ ನಾನು ಈಗಾಗಲೇ ಬರೆದು ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಐವತ್ತಮೂರು ಸಲ ತಪ್ಪಿದವನಿಗೆ ಮೂರರ ನಿಯಮ ಅನ್ವಯಿಸದೇ ಹೋಗಬಾರದು. ಸೋಮವಾರ ಒಂದು ಕಣ್ಣಿನ ಆಪರೇಷನ್. ಕಣ್ಣು ಬಂದ ಮೇಲೆ ಅರ್ಜಿ ಹಾಕುತ್ತೇನೆ, ಹೊಸಬನಂತೆ, ನೀವು ಬೇಡ ಎಂದರೆ ಬೇಡ. ಮೊದಲನೆಯ ಕಾಗದದ ಬಗ್ಗೆ ನನಗೆ ಆಜ್ಞೆ ಮಾಡುವ ಅಧಿಕಾರವಿಲ್ಲ, ಕೇಳಿಕೊಳ್ಳುತ್ತೇನೆ. ಸಮಿತಿಯ ಏಳು ಜನರೂ ಇಲ್ಲೇ ಇದ್ದೀರಿ. ನಾಲ್ಕು ಮುಕ್ಕಾಲಾಗಿದೆ. ಇನ್ನೂ ಕಾಲು ಗಂಟೆ ಇದೆ. ಪಕ್ಕದ ಕೋಣೆ ಖಾಲಿ ಇದೆ, ನಾನು ಬರುವಾಗ ನೋಡಿಕೊಂಡೇ ಬಂದೆ. ಕುರ್ಚಿಗಳನ್ನೂ ಎಣಿಸಿದ್ದೇನೆ, ಏಳಿವೆ.

ಸಭಿಕರೇ, ನನ್ನನ್ನು ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ನಡುವೆ ಸರಿಹೋದ ಮೈಕಿಗೂ, ಕಂಡದ್ದನ್ನು ಕಂಡ ಹಾಗೆ ಹೇಳಿದ ನನ್ನ ಹೆಂಡತಿಗೂ ಕೃತಜ್ಞತೆಗಳು. ಇಂಥ ಕಡೆ ಮಾತು ಮುಗಿಸುವಾಗ ಎಲ್ಲರಿಗೂ ಒಟ್ಟಿಗೆ ಕೈ ಮುಗಿಯುವುದು ರೂಢಿ. ಇವತ್ತು ನಾನು ಒಬ್ಬರಿಗೇ ಮುಗಿಯುತ್ತೇನೆ, ಉಳಿದವರು ಬೇಸರ ಮಾಡಿಕೊಳ್ಳಬಾರದು. ನಾನು ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ನಂಬದೇ ಹೋದವರಿಗೆ, ಆದರೂ ದಿನಾ ಬೆಳಿಗ್ಗೆ ಬಂದು ನನಗೆ ಬೆನ್ನು ಕೊಟ್ಟು ಕೂತವರಿಗೆ, ನಮಸ್ಕಾರ.